ಹಳದಿ ದೀಪದ ಒಗಟು

ಕಾರು ಸರಾಗವಾಗಿ ಓಡುತ್ತಿರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಇದೆ, ಚಕ್ರಗಳಲ್ಲಿ ಗಾಳಿಯಿದೆ, ಎಂಜಿನ್ನಿನ ಸದ್ದಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಹೀಗಿರುವಾಗ ಚಾಲಕನ ಕಣ್ಣೆದುರಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಪುಟ್ಟ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಹೊತ್ತಿಕೊಂಡದ್ದು ಆರುವುದೇ ಇಲ್ಲ. ಪಕ್ಕದಲ್ಲಿ ಕುಳಿತವರು “ಅದೇನು ದೀಪ?” ಎನ್ನುತ್ತಾರೆ. ಓಡಿಸುತ್ತಿರುವವರಿಗೂ ಗೊತ್ತಿಲ್ಲ. ಮರುದಿನ ಗ್ಯಾರೇಜಿಗೆ ಹೋದರೆ ಅಲ್ಲಿಯ ಹುಡುಗ ಸ್ಟಿಯರಿಂಗಿನ ಕೆಳಗೆ ಕೈಹಾಕಿ, ಹದಿನಾರು ಕಿಂಡಿಗಳುಳ್ಳ ಕಪ್ಲರ್ ಒಂದಕ್ಕೆ ತನ್ನ ಸ್ಕ್ಯಾನರನ್ನು ಸಿಕ್ಕಿಸಿ ಗುಂಡಿಯೊತ್ತುತ್ತಾನೆ. ಪರದೆಯ ಮೇಲೆ ಒಂದು ಅಕ್ಷರ, ನಾಲ್ಕು ಅಂಕಿ ಮೂಡುತ್ತವೆ. ಅದೃಷ್ಟವಿದ್ದರೆ ಪಕ್ಕದಲ್ಲಿ ಇಂಗ್ಲಿಷಿನ ಒಂದು ಸಾಲು ವಿವರಣೆಯೂ ಇರುತ್ತದೆ. ಅದೃಷ್ಟವಿಲ್ಲದಿದ್ದರೆ, ಈ ಸಂಕೇತಕ್ಕೆ ಅರ್ಥ ಲಭ್ಯವಿಲ್ಲ ಎಂಬ ಒಂದೇ ಮಾತು.

ಸಂಸಾರವಂದಿಗರ ಹಣದ ಚೀಲ ಹಗುರವಾಗತೊಡಗುವುದು ಸಾಮಾನ್ಯವಾಗಿ ಈ ಘಟ್ಟದಲ್ಲಿಯೇ. ಅರ್ಥ ಗೊತ್ತಿಲ್ಲದ ಮಾತಿಗೆ ಯಾರು ಯಾವ ಅರ್ಥವನ್ನಾದರೂ ಹಚ್ಚಬಹುದಷ್ಟೆ! ಒಬ್ಬರು ಸೆನ್ಸರ್ ಹೋಗಿದೆ ಎನ್ನುತ್ತಾರೆ; ಇನ್ನೊಬ್ಬರು ಪೆಟ್ರೋಲ್ ಪಂಪು ಎನ್ನುತ್ತಾರೆ; ಮೂರನೆಯವರು ಎಂಜಿನ್ನಿನ ಕಂಪ್ಯೂಟರನ್ನೇ ಬದಲಾಯಿಸಬೇಕೆನ್ನುತ್ತಾರೆ. ಕನ್ನಡ ಪಾಠ ಹೇಳುವವನಿಗೆ ಎಂಜಿನ್ನಿನ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಈ ಪ್ರಶ್ನೆ ಅರ್ಧ ಯಂತ್ರಕ್ಕೆ ಸೇರಿದ್ದಾದರೆ ಇನ್ನರ್ಧ ನಿಘಂಟಿಗೆ ಸೇರಿದ್ದು. ಆ ಎರಡನೆಯ ಅರ್ಧದ ಬಲದಿಂದಲೇ ಇದನ್ನು ಬರೆಯಲು ಹೊರಟಿದ್ದೇನೆ.

ಹೊಗೆಯಿಂದ ಹುಟ್ಟಿದ ಭಾಷೆ

ಈ ಸಂಕೇತಗಳ ತವರು ಅಮೆರಿಕಾದ ಕ್ಯಾಲಿಫೋರ್ನಿಯಾ. ಎರಡನೆಯ ಮಹಾಯುದ್ಧದ ಕಾಲದಿಂದ ಲಾಸ್ ಏಂಜಲೀಸ್ ನಗರದ ಮೇಲೆ ಮಬ್ಬಿನ ಮುಸುಕೊಂದು ಕವಿಯತೊಡಗಿತ್ತು. ಜನರ ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಮೊದಮೊದಲು ಎಲ್ಲರೂ ಕಾರ್ಖಾನೆಗಳನ್ನೇ ಶಂಕಿಸಿದರು. ಅಲ್ಲಿಯ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಆರೀ ಹಾಗೆನ್‌-ಸ್ಮಿಟ್ ಎಂಬ ಡಚ್ ಮೂಲದ ರಸಾಯನ ವಿಜ್ಞಾನಿ ಅನಾನಸ್ ಹಣ್ಣಿನ ಪರಿಮಳದ ಗುಟ್ಟನ್ನು ಅರಸುತ್ತಿದ್ದರು. ಪರಿಮಳವನ್ನು ಬಿಟ್ಟು ಊರಿನ ದುರ್ಗಂಧದ ಕಡೆಗೆ ತಿರುಗಿದ ಈ ಮಹನೀಯರು, ಮೋಟಾರುಗಳು ಉಗುಳುವ ಹೈಡ್ರೋಕಾರ್ಬನ್ನುಗಳೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿಕೊಂಡು ಆ ಮಬ್ಬನ್ನು ಹುಟ್ಟಿಸುತ್ತಿವೆಯೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. 1967ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ವಾಯುರಕ್ಷಣೆಗಾಗಿ ಒಂದು ಮಂಡಲಿಯನ್ನು ಸ್ಥಾಪಿಸಿದಾಗ ಅದಕ್ಕೆ ಮೊದಲ ಅಧ್ಯಕ್ಷರಾದವರೂ ಅವರೇ.

ಹೊಗೆಯನ್ನು ತಗ್ಗಿಸಲು ಕಾರಿಗೆ ಹೊಸ ಅಂಗಗಳು ಸೇರಿದವು. ಸೈಲೆನ್ಸರಿನ ಹಾದಿಯಲ್ಲಿ ವಿಷಾನಿಲಗಳನ್ನು ಪರಿವರ್ತಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತು. ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಅಳೆದು ಹೇಳುವ ಸೆನ್ಸರ್ ಬಂದಿತು. ಇದನ್ನು ಜರ್ಮನಿಯ ಬಾಷ್ ಕಂಪೆನಿ 1976ರಲ್ಲಿ ಮೊಟ್ಟಮೊದಲು ವೋಲ್ವೋ ಕಾರಿಗೆ ಕೊಟ್ಟಿತು. (ನಮ್ಮ ಬೆಂಗಳೂರಿಗರ ಬಾಯಲ್ಲಿ ಬಹುಕಾಲ ‘ಮೈಕೋ’ ಆಗಿದ್ದು, 2008ರಲ್ಲಿ ಹೆಸರು ಬದಲಿಸಿಕೊಂಡ ಆಡುಗೋಡಿಯ ಕಾರ್ಖಾನೆ ಇದೇ ಮನೆತನದ್ದು.) ಪೆಟ್ರೋಲು ಒಂದು ಪಾಲಿಗೆ ಗಾಳಿ 14.7 ಪಾಲು, ತೂಕದ ಲೆಕ್ಕದಲ್ಲಿ: ಈ ಹದವನ್ನು ಕ್ಷಣಕ್ಷಣಕ್ಕೂ ಕಾಯಲು ಪುಟ್ಟ ಕಂಪ್ಯೂಟರೂ ಬಂದಿತು.

ಇವೆಲ್ಲ ಬಂದ ಮೇಲೆ ಹೊಸ ತೊಡಕೊಂದು ಕಾಣಿಸಿಕೊಂಡಿತು. ಚಕ್ರದಲ್ಲಿ ಗಾಳಿ ಹೋದರೆ ಮಾಲಿಕನಿಗೆ ತಿಳಿಯುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಸತ್ತರೆ ತಿಳಿಯುವುದಿಲ್ಲ. ಕಾರು ಎಂದಿನಂತೆ ಓಡುತ್ತದೆ, ಊರಿನ ಗಾಳಿ ಮಾತ್ರ ಕೆಡುತ್ತದೆ. ಆದುದರಿಂದ ಕಾರೇ ತನ್ನ ದೋಷವನ್ನು ಕಂಡುಕೊಂಡು ಮಾಲಿಕನಿಗೆ ಹೇಳಬೇಕೆಂದು ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ವಿಧಿಸಿತು. ಏನೂ ಕೆಟ್ಟಿಲ್ಲವೆಂದು ತೋರುವಾಗಲೂ ಹಳದಿ ದೀಪ ಹೊತ್ತುವುದರ ಗುಟ್ಟು ಇದು: ಆ ದೀಪ ಹುಟ್ಟಿದ್ದು ಕಾರಿನೊಳಗೆ ಕುಳಿತವರಿಗಾಗಿ ಅಲ್ಲ, ಅದರ ಹಿಂದೆ ಉಸಿರಾಡುವವರಿಗಾಗಿ.

ಆ ದಿನಗಳಲ್ಲಿ ಒಂದೊಂದು ಕಂಪೆನಿಗೆ ಒಂದೊಂದು ಭಾಷೆ. ಜನರಲ್ ಮೋಟಾರ್ಸ್ ಕಂಪೆನಿಯ 1980ರ ದಶಕದ ಕಾರುಗಳಲ್ಲಿ, ಕಾಗದಕ್ಕೆ ಚುಚ್ಚುವ ಕ್ಲಿಪ್ಪನ್ನು ಬಿಡಿಸಿ ಎರಡು ಕಿಂಡಿಗಳ ನಡುವೆ ಸೇತುವೆಯಂತೆ ಇಟ್ಟರೆ ದೀಪ ಮಿಣುಕುತ್ತಿತ್ತು. ಒಂದು ಮಿಣುಕು, ಒಂದು ವಿರಾಮ, ಮತ್ತೆರಡು ಮಿಣುಕು ಎಂದರೆ ಹನ್ನೆರಡು. ಎಂಜಿನ್ ನಿಂತಿರುವಾಗ ಹನ್ನೆರಡೆಂದರೆ ದೋಷವೇ ಅಲ್ಲ. ಎಂಜಿನ್ ತಿರುಗುತ್ತಿಲ್ಲ ಎಂಬ ವರದಿ, ಅಷ್ಟೆ! ನಿಂತ ಎಂಜಿನ್ ತಿರುಗೀತು ಹೇಗೆ? ತಿಳಿಯದವರಿಗೆ ಅದೂ ಒಂದು ರೋಗವೆಂದೇ ತೋರುತ್ತಿತ್ತು.

ಈ ಬಾಬೆಲ್ ಗೋಪುರದ ಗದ್ದಲವನ್ನು ನಿಲ್ಲಿಸಲು 1996ರ ಮಾದರಿಗಳಿಂದ ಅಮೆರಿಕಾದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಬಗೆಯ ಕಪ್ಲರ್, ಒಂದೇ ಬಗೆಯ ಸಂಕೇತ ಕಡ್ಡಾಯವಾಯಿತು. ಯೂರೋಪು ಕೆಲವು ವರ್ಷಗಳ ತರುವಾಯ ಹಿಂಬಾಲಿಸಿತು. ನಮ್ಮಲ್ಲಿ ಬೆಂಗಳೂರೂ ಸೇರಿದಂತೆ 13 ದೊಡ್ಡ ನಗರಗಳಿಗೆ 2010ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 4 ನಿಯಮ ಬಂದಾಗ ಇದರ ಮೊದಲ ಹಂತವೂ, 2013ರ ಏಪ್ರಿಲಿನಲ್ಲಿ ಎರಡನೆಯ ಹಂತವೂ ಕಾರುಗಳಿಗೆ ಜಾರಿಯಾದವು. 2020ರ ಏಪ್ರಿಲಿನ ಭಾರತ್ ಸ್ಟೇಜ್ 6ರೊಂದಿಗೆ ಸ್ಕೂಟರು, ಮೋಟಾರ್‌ಸೈಕಲ್ಲುಗಳಿಗೂ ಹಳದಿ ದೀಪದ ಯೋಗ ಒದಗಿತು.

ಐದು ಅಕ್ಷರಗಳ ವ್ಯಾಕರಣ

ಸಂಕೇತದ ಮೊದಲ ಅಕ್ಷರ ನಾಲ್ಕರಲ್ಲಿ ಒಂದು. ‘ಪಿ’ ಎಂದರೆ ಎಂಜಿನ್ನೂ ಗೇರುಪೆಟ್ಟಿಗೆಯೂ; ‘ಸಿ’ ಎಂದರೆ ಬ್ರೇಕು, ಸ್ಟಿಯರಿಂಗು ಮುಂತಾದ ಕೆಳಭಾಗ; ‘ಬಿ’ ಎಂದರೆ ಮೈಕಟ್ಟು; ‘ಯು’ ಎಂದರೆ ಕಾರಿನೊಳಗಿನ ಕಂಪ್ಯೂಟರುಗಳು ಪರಸ್ಪರ ಮಾತನಾಡುವ ತಂತಿಜಾಲ. ನಮಗೆ ಮುಖ್ಯವಾದುದು ಎರಡನೆಯ ಸ್ಥಾನ. ಅಲ್ಲಿ ಸೊನ್ನೆಯಿದ್ದರೆ ಆ ಸಂಕೇತ ಎಲ್ಲ ಕಂಪೆನಿಗಳಿಗೂ ಸಮಾನ, ಸಾರ್ವಜನಿಕ ನಿಘಂಟಿಗೆ ಸೇರಿದ್ದು. ಪಿ-0301 ಎಂದರೆ ಯಾವ ಕಾರಿನಲ್ಲಾದರೂ ಒಂದನೆಯ ಸಿಲಿಂಡರು ಸರಿಯಾಗಿ ಉರಿಯದೆ ಮಿಸ್ಸಿಂಗ್ ಆಗುತ್ತಿದೆ ಎಂದೇ ಅರ್ಥ. ಒಂದು ಇದ್ದರೆ ಅದು ಆಯಾ ಕಂಪೆನಿಯ ಖಾಸಗಿ ನುಡಿ. ‘ಪಿ’ಯ ಮುಂದೆ ಎರಡಿದ್ದರೆ ಮತ್ತೆ ಸಾರ್ವಜನಿಕ, ಮೂರಿದ್ದರೆ ಒಂದಷ್ಟು ಖಾಸಗಿ, ಒಂದಷ್ಟು ಸಾರ್ವಜನಿಕ. ಮೂರನೆಯ ಸ್ಥಾನ ದೋಷದ ಪ್ರಾಂತ್ಯವನ್ನು ಹೇಳುತ್ತದೆ: ಒಂದು, ಎರಡು ಎಂದರೆ ಗಾಳಿ ಮತ್ತು ಪೆಟ್ರೋಲಿನ ಹದ, ಮೂರು ಎಂದರೆ ಕಿಡಿ, ನಾಲ್ಕು ಎಂದರೆ ಹೊಗೆಯ ನಿಯಂತ್ರಣ, ಐದು ಎಂದರೆ ವೇಗ ಮತ್ತು ಐಡ್ಲಿಂಗ್, ಆರು ಎಂದರೆ ಕಂಪ್ಯೂಟರು, ಏಳು, ಎಂಟು ಎಂದರೆ ಗೇರು. ಕೊನೆಯ ಎರಡು ಸ್ಥಾನಗಳು ನಿರ್ದಿಷ್ಟ ದೋಷದ ಸಂಖ್ಯೆ.

ಕೊನೆಯ ಸ್ಥಾನಗಳಲ್ಲಿ ಅಂಕಿಯ ಬದಲು ‘ಎ’ಯಿಂದ ‘ಎಫ್’ವರೆಗಿನ ಅಕ್ಷರ ಕಾಣಿಸಿಕೊಂಡರೆ ಉಪಕರಣ ತಪ್ಪು ಓದಿತೆಂದು ಭಾವಿಸಬೇಕಾಗಿಲ್ಲ. ಕಂಪ್ಯೂಟರು ಹದಿನಾರರ ಲೆಕ್ಕದಲ್ಲಿ ಎಣಿಸುತ್ತದೆ. ಹತ್ತರಿಂದ ಹದಿನೈದರವರೆಗೆ ಒಂಟಿ ಅಂಕಿಗಳಿಲ್ಲದ ಕಾರಣ ಅಕ್ಷರಗಳನ್ನು ಎರವಲು ಪಡೆದಿದೆ. ಪಿ-219ಎ ಎಂಬುದು ಸಿಲಿಂಡರುಗಳ ನಡುವೆ ಗಾಳಿ-ಪೆಟ್ರೋಲಿನ ಹದ ಏರುಪೇರಾಗಿದೆ ಎಂಬ ಶುದ್ಧ ಸಾರ್ವಜನಿಕ ಸಂಕೇತ. ಈ ಲೆಕ್ಕದಲ್ಲಿ ಸಾಧ್ಯವಿರುವ ಒಟ್ಟು ಸಂಕೇತಗಳು 65,536. ಅವುಗಳಲ್ಲಿ ಸಾರ್ವಜನಿಕ ನಿಘಂಟು ಅರ್ಥ ಹೇಳುವುದು ಒಂದು ಪಾಲಿಗೆ ಮಾತ್ರ.

ನಿಘಂಟಿನಲ್ಲಿಲ್ಲದ ಪದ

ಹಾಗಾದರೆ ಅರ್ಥ ಲಭ್ಯವಿಲ್ಲ ಎಂದು ಉಪಕರಣ ಹೇಳಿದರೆ ಏನು ತಿಳಿಯಬೇಕು? ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಅಷ್ಟು ದೊಡ್ಡ ಗ್ರಂಥದಲ್ಲಿಯೂ ಸಿಕ್ಕದ ಎಷ್ಟೋ ಮಾತುಗಳನ್ನು ನಮ್ಮ ಮಲೆನಾಡಿನ, ಬಯಲುಸೀಮೆಯ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳು ದಿನವೂ ಆಡುತ್ತಾರೆ. ಕಿಟ್ಟೆಲರಲ್ಲಿ ಇಲ್ಲ, ಆದುದರಿಂದ ಇದಕ್ಕೆ ಅರ್ಥವೇ ಇಲ್ಲ ಎನ್ನುವ ಪಂಡಿತನನ್ನು ಯಾರೂ ಮೆಚ್ಚರು. ಆ ಮಾತಿನ ಊರು ಯಾವುದೆಂದು ವಿಚಾರಿಸಿ, ಅಲ್ಲಿಯವರನ್ನೇ ಕೇಳುವುದು ಕ್ರಮ. ಎಂಜಿನ್ನಿನ ಸಂಕೇತಕ್ಕೂ ಇದೇ ಕ್ರಮ. ಅರ್ಥವಿಲ್ಲ ಎಂದರೆ ಈ ಉಪಕರಣದ ಹೊಟ್ಟೆಯಲ್ಲಿರುವ ನಿಘಂಟಿನಲ್ಲಿ ಇಲ್ಲ ಎಂದಷ್ಟೇ.

ಹೆಚ್ಚಿನ ಸಂದರ್ಭಗಳಲ್ಲಿ ಅದು ಖಾಸಗಿ ನುಡಿಯಾಗಿರುತ್ತದೆ. ಟೊಯೋಟಾದಲ್ಲಿ ಪಿ-1349 ಎಂದರೆ ಕವಾಟಗಳು ತೆರೆಯುವ ಕಾಲವನ್ನು ಹಿಂದುಮುಂದು ಮಾಡುವ ವ್ಯವಸ್ಥೆಯ ದೋಷ; ಹೋಂಡಾದಲ್ಲಿ ಅಂಥದೇ ಕೆಲಸದ ‘ವಿ-ಟೆಕ್’ ವ್ಯವಸ್ಥೆಯ ದೋಷಕ್ಕೆ ಪಿ-1259. ಒಂದೇ ಬಗೆಯ ನೋವಿಗೆ ಎರಡು ಮನೆಗಳಲ್ಲಿ ಎರಡು ಹೆಸರು! ಸ್ಕ್ಯಾನರಿಗೆ ಕಾರಿನ ಕಂಪೆನಿ, ಮಾದರಿ, ವರ್ಷಗಳನ್ನು ತಿಳಿಸದೆ ‘ಸಾಮಾನ್ಯ’ ಎಂಬ ಆಯ್ಕೆಯಲ್ಲಿಯೇ ಬಿಟ್ಟಿದ್ದರೆ ಇಂಥ ಮಾತುಗಳು ಅದಕ್ಕೆ ತಿಳಿಯುವುದಿಲ್ಲ. ಫೋನಿಗೆ ಜೋಡಿಸುವ ಅಗ್ಗದ ಉಪಕರಣಗಳಲ್ಲಿ ಈ ಅರೆಕೊರೆ ಹೆಚ್ಚು. ಬ್ಯಾಟರಿ ಸೊರಗಿದ್ದಾಗ ಓದಿದ ಸಂಕೇತವೂ ಅಡ್ಡಾದಿಡ್ಡಿಯಾಗಿರಬಹುದು; ಬ್ಯಾಟರಿಯನ್ನು ಸರಿಪಡಿಸಿ ಇನ್ನೊಮ್ಮೆ ಓದಿಸಿದರೆ ಅದು ಮತ್ತೆ ಬಾರದೆಯೂ ಇರಬಹುದು.

ಹೊಸ ಕಾರುಗಳಲ್ಲಿ ಇನ್ನೊಂದು ವಿಶೇಷವುಂಟು. ಸಂಕೇತದ ಬಾಲಕ್ಕೆ ಅಡ್ಡಗೆರೆಯೆಳೆದು ಇನ್ನೆರಡು ಅಂಕಿಗಳನ್ನು ಸೇರಿಸಿರುತ್ತಾರೆ. ಈ ಬಾಲ ದೋಷದ ಜಾತಿಯನ್ನು ಹೇಳುತ್ತದೆ: 11 ಎಂದರೆ ತಂತಿ ಅರ್ತಿಗೆ ತಗುಲಿದೆ; 12 ಎಂದರೆ ಬ್ಯಾಟರಿಯ ವಿದ್ಯುತ್ತಿಗೆ ತಗುಲಿದೆ; 13 ಎಂದರೆ ತಂತಿಯ ಹಾದಿ ಎಲ್ಲೋ ತುಂಡಾಗಿದೆ. ಹಳೆಯ ಸ್ಕ್ಯಾನರುಗಳು ಈ ಬಾಲವನ್ನು ನುಂಗಿಬಿಡುತ್ತವೆ ಅಥವಾ ಗೊಂದಲಗೊಂಡು ಅರ್ಥವಿಲ್ಲ ಎನ್ನುತ್ತವೆ. ಮುಖ್ಯ ಸಂಕೇತ ತಿಳಿಯದಿದ್ದರೂ ಬಾಲ ತಿಳಿದರೆ ಅರ್ಧ ದಾರಿ ಸವೆದಂತೆಯೇ. 13 ಎಂದು ಬರೆದಿರುವಾಗ ತಂತಿಯನ್ನು ಮುಟ್ಟದೆ ಬಿಡಿಭಾಗವನ್ನು ಬದಲಿಸುವವರು ಇದ್ದಾರೆ. ಅವರ ಧೈರ್ಯವನ್ನು ಮೆಚ್ಚಬೇಕು, ಹಣ ನಮ್ಮದಾದ್ದರಿಂದ ಮೆಚ್ಚಲಾಗುವುದಿಲ್ಲ.

ಖಾಸಗಿ ನುಡಿಯ ಅರ್ಥಕೋಶ ಯಾರ ಬಳಿ ಇರುತ್ತದೆ? ಕಾರು ತಯಾರಿಸಿದವರ ಸರ್ವೀಸ್ ಕೈಪಿಡಿಯಲ್ಲಿ. ಅದನ್ನು ಬೀದಿಯ ಗ್ಯಾರೇಜುಗಳಿಗೆ ಕೊಡಬೇಕೇ ಎಂಬುದು ದೊಡ್ಡ ವ್ಯಾಜ್ಯಕ್ಕೇ ಕಾರಣವಾಯಿತು. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ತಾಂತ್ರಿಕ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆಂದು ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪೆನಿಗಳ ಮೇಲೆ ಒಟ್ಟು 2,544 ಕೋಟಿ ರೂಪಾಯಿಗಳಿಗೂ ಮೀರಿದ ದಂಡ ವಿಧಿಸಿತು. ಆ ಆದೇಶದ ಮೇಲೆ ಮೇಲ್ಮನವಿಗಳಾದವು. ಅದು ಬೇರೆ ಕಥೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿ ಅಂತರಜಾಲ ತಾಣವೊಂದನ್ನು ತೆರೆದು ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ತನ್ನ ಕಾರು ಏನು ಹೇಳುತ್ತಿದೆ ಎಂದು ತಿಳಿಯಲು ಕಾರು ಕೊಂಡವನಿಗೆ ಹಕ್ಕಿಲ್ಲವೆನ್ನುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಅರ್ಥ ಸಿಕ್ಕಿತು, ರೋಗ ಸಿಕ್ಕಿತೇ?

ಅರ್ಥ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಜ್ವರಮಾಪಕ 102 ಡಿಗ್ರಿ ತೋರಿಸಿದರೆ ಅದು ರೋಗದ ಹೆಸರಲ್ಲವಷ್ಟೆ. ಪಿ-0171 ಎಂಬ ಬಹು ಸಾಮಾನ್ಯವಾದ ಸಂಕೇತವನ್ನೇ ನೋಡೋಣ. ಇದರ ಅರ್ಥ ಸ್ಪಷ್ಟ: ಮಿಶ್ರಣದಲ್ಲಿ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದೆಯೆಂದು ಆಮ್ಲಜನಕದ ಸೆನ್ಸರ್ ದೂರು ಕೊಟ್ಟಿದೆ. ಕೂಡಲೇ ಅವಸರದ ಮೆಕ್ಯಾನಿಕ್ ಆ ಸೆನ್ಸರನ್ನೇ ಕಿತ್ತು ಹೊಸದನ್ನು ಹಾಕುತ್ತಾನೆ. ಕಳ್ಳ ಬಂದನೆಂದು ಕೂಗಿದ ಕಾವಲುಗಾರನನ್ನೇ ಕೆಲಸದಿಂದ ತೆಗೆದಂತಾಯಿತು! ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹೊತ್ತುತ್ತದೆ.

ನಿಜವಾದ ಕಳ್ಳ ಎಲ್ಲಿ? ಕಾರಿನ ಕಂಪ್ಯೂಟರು ಮಿಶ್ರಣವನ್ನು ಸರಿದೂಗಿಸಲು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸುತ್ತಿದೆ ಅಥವಾ ತಗ್ಗಿಸುತ್ತಿದೆ ಎಂಬ ಲೆಕ್ಕವನ್ನು ಸದಾ ಇಟ್ಟಿರುತ್ತದೆ. ಇದನ್ನು ಗ್ಯಾರೇಜಿನವರು ‘ಫ್ಯುಯೆಲ್ ಟ್ರಿಮ್’ ಎನ್ನುತ್ತಾರೆ. ಸ್ಕ್ಯಾನರಿನಲ್ಲಿ ಯಾರಾದರೂ ನೋಡಬಹುದು. ಆರೋಗ್ಯವಂತ ಎಂಜಿನ್ನಿನಲ್ಲಿ ಇದು ಸೊನ್ನೆಯ ಆಚೀಚೆ ಇರುತ್ತದೆ. ಹಲವು ಕಾರುಗಳಲ್ಲಿ ಶೇಕಡಾ 20-25ರ ಆಸುಪಾಸಿಗೆ ಏರಿದಾಗ ಕಂಪ್ಯೂಟರು ಸೋಲೊಪ್ಪಿ ದೀಪ ಹೊತ್ತಿಸುತ್ತದೆ. ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಉಳ್ಳ ಕಾರಿನಲ್ಲಿ, ಐಡ್ಲಿಂಗಿನಲ್ಲಿ ಈ ಅಂಕಿ ಹೆಚ್ಚಿದ್ದು, ಎಂಜಿನ್ನನ್ನು ನಿಮಿಷಕ್ಕೆ 2,500 ಸುತ್ತುಗಳಿಗೆ ಏರಿಸಿದಾಗ ಇಳಿದರೆ, ಎಲ್ಲೋ ಬಿರುಕುಬಿಟ್ಟ ರಬ್ಬರ್ ಪೈಪಿನಿಂದ ಕಳ್ಳಗಾಳಿ ನುಗ್ಗುತ್ತಿದೆ ಎಂದು ಊಹಿಸಬಹುದು. ಒಟ್ಟು ಗಾಳಿ ಹೆಚ್ಚಿದಾಗ ಬಿರುಕಿನ ಪಾಲು ಅತ್ಯಲ್ಪವಾಗುವುದೇ ಅದಕ್ಕೆ ಕಾರಣ. ಇದಕ್ಕೆ ತಿರುಗುಮುರುಗಾಗಿ, ಭಾರ ಹೊತ್ತು ಏರಿ ಹತ್ತುವಾಗ ಅಂಕಿ ಏರಿದರೆ ಪೆಟ್ರೋಲಿನ ಸರಬರಾಜೇ ಸಾಲದು. ಪಂಪು, ಫಿಲ್ಟರುಗಳ ಕಡೆ ನೋಡಬೇಕು. ಒಂದೇ ಸಂಕೇತ, ಎರಡು ಬೇರೆ ರೋಗ. ಒಂದಕ್ಕೆ ಬೇಕಾದುದು ಕೆಲವು ನೂರು ರೂಪಾಯಿಯ ಪೈಪು. ಇನ್ನೊಂದಕ್ಕೆ ಹಲವು ಸಾವಿರದ ಪಂಪು.

ಪಿ-0420 ಎಂಬುದೂ ಹೀಗೆಯೇ ಮೋಸಗಾರ. ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸ ಸಾಲದು ಎಂದು ಅದರ ಅರ್ಥ. ದುಬಾರಿ ಲೋಹಗಳುಳ್ಳ ಆ ಡಬ್ಬಿಯನ್ನು ಬದಲಿಸುವ ಮುನ್ನ, ಸೈಲೆನ್ಸರಿನ ಪೈಪಿನಲ್ಲಿ ಸೋರಿಕೆಯಿದೆಯೇ ಎಂದು ನೋಡುವುದು ಜಾಣತನ.

ನನ್ನ ಸಹೋದ್ಯೋಗಿಯೊಬ್ಬರ ಕಾರಿನ ಪ್ರಸಂಗವನ್ನು ಇಲ್ಲಿ ಹೇಳಬಹುದು. ಅವರಿಗೆ ಸಿಕ್ಕಿದ್ದು ಪಿ-13ರಿಂದ ಆರಂಭವಾಗುವ, ಸ್ಕ್ಯಾನರಿಗೆ ಅರ್ಥವಾಗದ ಸಂಕೇತ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಎಂಜಿನ್ನಿನ ಕಂಪ್ಯೂಟರು ಕೆಟ್ಟಿದೆಯೆಂದು ಹೇಳಿ, ಅವರ ಒಂದು ತಿಂಗಳ ಸಂಬಳದ ಬಹುಭಾಗವನ್ನು ನುಂಗುವಂಥ ಲೆಕ್ಕ ಬರೆದುಕೊಟ್ಟರು. ಹೆದರಿದ ಸ್ನೇಹಿತರು ಪರಿಚಯದ ಒಬ್ಬ ಹಿರಿಯ ಮೇಸ್ತ್ರಿಯ ಬಳಿಗೆ ಹೋದಾಗ ನಾನೂ ಜೊತೆಗಿದ್ದೆ. ಮೇಸ್ತ್ರಿ ಸ್ಕ್ಯಾನರನ್ನು ಹೊರಗೆ ತೆಗೆಯಲೇ ಇಲ್ಲ.

“ಈ ದೀಪ ಯಾವಾಗ ಹತ್ತುತ್ತೆ ಸಾರ್?” ಎಂದು ಕೇಳಿದರು.

“ಜೋರು ಮಳೆ ಬಂದ ಮಾರನೇ ದಿನ ಹತ್ತುತ್ತೆ ಕಣ್ರೀ. ಮೂರ್ನಾಲ್ಕು ದಿನ ಬಿಸಿಲು ಕಾದ್ರೆ ತಾನೇ ಆರುತ್ತೆ.”

“ಕಂಪ್ಯೂಟರಿಗೆ ಮಳೆ ಬಿಸಿಲು ಗೊತ್ತಾಗುತ್ತಾ ಸಾರ್? ನೀರು ಎಲ್ಲಿ ಇಳೀತಿದೆ ನೋಡೋಣ, ಬನ್ನಿ.”

ತರುವಾಯ ಅವರು ಆ ಕಾರಿನ ಕೈಪಿಡಿಯಲ್ಲಿ ಸಂಕೇತವನ್ನು ಹುಡುಕಿದರು. ಅದು ಎಂಜಿನ್ನಿನ ಕ್ಯಾಮ್ ದಂಡದ ಸ್ಥಾನವನ್ನು ತಿಳಿಸುವ ಸೆನ್ಸರಿನ ವಿದ್ಯುತ್ ಹಾದಿಗೆ ಸೇರಿದ್ದು. ಆ ಹಾದಿಯ ತಂತಿಯನ್ನು ಬೆರಳಿನಿಂದ ಸವರುತ್ತ ಹೋಗಿ ಬ್ಯಾಟರಿಯ ಬಳಿಯ ಕಪ್ಲರ್ ಒಂದನ್ನು ಬಿಚ್ಚಿದರೆ, ಒಳಗೆ ಹಸಿರು ಕಿಲುಬು! ಅದನ್ನು ಉಜ್ಜಿ, ಒಣಗಿಸಿ, ಹರಿದ ರಬ್ಬರ್ ಮುಚ್ಚಳವನ್ನು ಬದಲಿಸಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ಅಂದಿನಿಂದ ಎರಡು ಮಳೆಗಾಲ ಕಳೆದಿವೆ.

ಆ ಹಿರಿಯರು ಬಾಯಿಂದ ಕೇಳಿದ ಪ್ರಶ್ನೆಗೆ ಉತ್ತರದ ಒಂದು ಭಾಗ ಕಾರಿನೊಳಗೂ ಇರುತ್ತದೆ. ದೋಷವನ್ನು ದಾಖಲಿಸಿದ ಕ್ಷಣದಲ್ಲಿ ಎಂಜಿನ್ನಿನ ವೇಗ ಎಷ್ಟು, ಬಿಸಿ ಎಷ್ಟು, ಭಾರ ಎಷ್ಟು, ಕಾರು ಎಷ್ಟು ವೇಗದಲ್ಲಿತ್ತು ಎಂಬುದನ್ನೆಲ್ಲ ಕಂಪ್ಯೂಟರು ಒಂದು ಛಾಯಾಚಿತ್ರದಂತೆ ಹಿಡಿದಿಟ್ಟಿರುತ್ತದೆ. ಇದಕ್ಕೆ ‘ಫ್ರೀಜ್ ಫ್ರೇಮ್’ ಎಂದು ಹೆಸರು. ಅರ್ಥ ತಿಳಿಯದ ಸಂಕೇತಕ್ಕೂ ಈ ಚಿತ್ರವಿರಬಹುದು. ಎಂಜಿನ್ ತಣ್ಣಗಿದ್ದಾಗ ಬಂದ ದೋಷವೇ, ಹೆದ್ದಾರಿಯಲ್ಲಿ ಬಂದದ್ದೇ ಎಂಬುದು ಅದರಿಂದ ತಿಳಿಯುತ್ತದೆ. ಆದುದರಿಂದ ಗ್ಯಾರೇಜಿನಲ್ಲಿ “ಮೊದಲು ಅಳಿಸಿ ನೋಡೋಣ” ಎಂದು ಯಾರಾದರೂ ಕೈಹಾಕಿದರೆ ವಿನಯದಿಂದ ತಡೆಯಬೇಕು. ಅಳಿಸಿದರೆ ಸಂಕೇತದೊಂದಿಗೆ ಈ ಚಿತ್ರವೂ ಅಳಿಯುತ್ತದೆ, ಸಾಕ್ಷಿಯೇ ನಾಶವಾಯಿತು. ಪರದೆಯಲ್ಲಿ ಕಂಡ ಎಲ್ಲ ಸಂಕೇತಗಳನ್ನೂ ಬಾಲಸಹಿತವಾಗಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಅಥವಾ ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಿ. ಅದರ ಕೆಳಗೆ ದೀಪ ಹೊತ್ತಿದ ಹೊತ್ತು, ಹವೆ, ಪೆಟ್ರೋಲು ತುಂಬಿಸಿದ ದಿನ ಇವನ್ನೂ ಬರೆಯಿರಿ. ಬಿಡಿಭಾಗ ಬದಲಿಸಬೇಕೆಂದು ಹೇಳುವವರನ್ನು, ಮೀಟರಿನಿಂದ ಪರೀಕ್ಷಿಸಿ ನೋಡಿದಿರಾ ಎಂದು ಕೇಳಲು ಸಂಕೋಚಪಡಬೇಡಿ.

ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಸರಿಯಾಗಿ ಓಡುತ್ತಿದ್ದರೆ ಮನೆ ಸೇರಿ ನಿಧಾನವಾಗಿ ವಿಚಾರಿಸಬಹುದು. ಅದು ಮಿಣುಕುತ್ತಿದ್ದರೆ ಮಾತ್ರ ತಡಮಾಡಬಾರದು. ಉರಿಯದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರಿಗೆ ನುಗ್ಗಿ ಅದನ್ನು ಸುಡುವಷ್ಟು ಮಿಸ್ಸಿಂಗ್ ಆಗುತ್ತಿದೆಯೆಂದು ಅದರ ಸೂಚನೆ. ವೇಗ ತಗ್ಗಿಸಿ, ಪಕ್ಕಕ್ಕೆ ನಿಲ್ಲಿಸುವುದೇ ಕ್ಷೇಮ. ಎಣ್ಣೆಯ ಒತ್ತಡದ್ದೋ ಎಂಜಿನ್ನಿನ ಬಿಸಿಯದ್ದೋ ಕೆಂಪು ದೀಪ ಹೊತ್ತಿದರಂತೂ ಎಂಜಿನ್ನನ್ನು ಆಗಲೇ ಆರಿಸಬೇಕು. ಅದರ ವಿಷಯವೇ ಬೇರೆ.

ದುರಸ್ತಿಯಾದ ಮೇಲೆ ಏನಾಗುತ್ತದೆ? ಬಹುತೇಕ ದೋಷಗಳು ಎರಡು ಬಾರಿಯ ಓಡಾಟದಲ್ಲಿ ಸತತವಾಗಿ ಕಂಡರೆ ಮಾತ್ರ ದೀಪ ಹೊತ್ತುತ್ತದೆ. ಮೂರು ಬಾರಿಯ ಓಡಾಟದಲ್ಲಿ ಕಾಣದಿದ್ದರೆ ತಾನಾಗಿ ಆರುತ್ತದೆ. ಎಂಜಿನ್ ಸುಮಾರು 40 ಬಾರಿ ತಣ್ಣಗಾಗಿ ಬಿಸಿಯಾಗುವವರೆಗೆ ದೋಷ ಮರುಕಳಿಸದಿದ್ದರೆ ಸಂಕೇತವೂ ನೆನಪಿನಿಂದ ಅಳಿಸಿಹೋಗುತ್ತದೆ. ಸ್ಕ್ಯಾನರಿನಿಂದ ಅಳಿಸಿದರೆ, ಎಷ್ಟೋ ಕಾರುಗಳಲ್ಲಿ ಬ್ಯಾಟರಿ ಬಿಚ್ಚಿ ಹಾಕಿದರೂ, ಕಂಪ್ಯೂಟರು ತನ್ನ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2000ದ ಮತ್ತು ಅನಂತರದ ಮಾದರಿಯ ಪೆಟ್ರೋಲ್ ಕಾರುಗಳ ಹೊಗೆ ತಪಾಸಣೆ 2015ರಿಂದ ಈ ಕಪ್ಲರಿನ ಮೂಲಕವೇ ನಡೆಯುತ್ತಿದೆ. ತಪಾಸಣೆಯ ಹಿಂದಿನ ರಾತ್ರಿ ಸಂಕೇತ ಅಳಿಸಿಕೊಂಡು ಬರುವ ಚತುರರು ಅಲ್ಲಿ ಸಿಕ್ಕಿಬೀಳುವುದು ಈ ಕಾರಣದಿಂದಲೇ.

ಫೋರ್ಡ್ ಕಾರುಗಳ ಖಾಸಗಿ ನುಡಿಯಲ್ಲಿ ಇದಕ್ಕೆ ಪ್ರತ್ಯೇಕ ಸಂಕೇತವೇ ಇದೆ: ಪಿ-1000. ಆ ಕಂಪೆನಿ ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿದರೂ ಅದರ ಕಾರುಗಳು ನಮ್ಮ ರಸ್ತೆಗಳಲ್ಲಿ ಇನ್ನೂ ಸಾಕಷ್ಟಿವೆ. ದುರಸ್ತಿ ಮುಗಿಸಿ ಮನೆಗೆ ತಂದ ಮೇಲೆ, ಕುತೂಹಲಕ್ಕೆ ಫೋನಿನ ಉಪಕರಣ ಸಿಕ್ಕಿಸಿ ನೋಡಿದವರಿಗೆ ಈ ಪಿ-1000 ಕಾಣಿಸಬಹುದು. ಪಕ್ಕದಲ್ಲಿ ‘ಅರ್ಥ ಲಭ್ಯವಿಲ್ಲ’. ಹೊಸ ರೋಗವೆಂದು ಮತ್ತೆ ಗ್ಯಾರೇಜಿಗೆ ಓಡಬೇಕಾಗಿಲ್ಲ. ನೆನಪನ್ನು ಅಳಿಸಿದ ಮೇಲೆ ನನ್ನ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂದಷ್ಟೇ ಅದು ಹೇಳುತ್ತಿರುವುದು. ಊರೊಳಗೆ ಒಂದಷ್ಟು, ಹೆದ್ದಾರಿಯಲ್ಲಿ ಒಂದಷ್ಟು ಎಂದಿನಂತೆ ಓಡಿಸಿದರೆ ಕೆಲವು ದಿನಗಳಲ್ಲಿ ಅದು ತಾನಾಗಿಯೇ ಮಾಯವಾಗುತ್ತದೆ.